ಹಸಿವಿಲ್ಲವೆಂಬ ಹಿರಿಯರ ಮಾತು

ಮಿತಾಹಾರವು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಗೌರವ ಪಡೆದ ಗುಣ. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ನಿತ್ಯ ದಾಸೋಹ ನಡೆಸಿ, ತಾವು ಮಾತ್ರ ಅತಿ ಮಿತವಾಗಿ ಪ್ರಸಾದ ಸ್ವೀಕರಿಸುತ್ತಿದ್ದುದನ್ನು ಭಕ್ತರೆಲ್ಲರೂ ಬಲ್ಲರು. ಆದ್ದರಿಂದಲೇ ಮನೆಯ ಹಿರಿಯರು "ಹಸಿವಿಲ್ಲ, ಸಾಕು" ಎಂದು ತಟ್ಟೆ ಸರಿಸಿದಾಗ, ಅದನ್ನು ವೈರಾಗ್ಯವೆಂದೋ ವಯೋಸಹಜವೆಂದೋ ತಿಳಿದು ಮನೆಯವರು ಸುಮ್ಮನಾಗುವುದುಂಟು. ಆದರೆ ಬಾಳಿನುದ್ದಕ್ಕೂ ಅರಿತು ಪಾಲಿಸಿದ ಮಿತಾಹಾರವೇ ಬೇರೆ, ಕೆಲವೇ ತಿಂಗಳಲ್ಲಿ ಬಂದೆರಗಿದ ಅರುಚಿಯೇ ಬೇರೆ. ಮೊದಲನೆಯದು ವ್ರತ, ಎರಡನೆಯದು ಕಾಯದ ಮೊರೆ.

ಈ ಅರುಚಿಗೆ ದೇಹದಲ್ಲಿಯೇ ಕೆಲವು ಕಾರಣಗಳಿವೆ. ವಯಸ್ಸಾದಂತೆ ವಾಸನೆ ಗ್ರಹಿಸುವ ಶಕ್ತಿ ಕುಂದಿ ಊಟದ ಸೊಗಸು ಮಂಕಾಗುತ್ತದೆ. ಜಠರವು ಮೊದಲಿನಂತೆ ಹಿಗ್ಗದೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. 1988ರಲ್ಲಿಯೇ ವೈದ್ಯ ಜಾನ್ ಮಾರ್ಲಿಯವರು ಇದನ್ನು ವೃದ್ಧಾಪ್ಯದ ಅರುಚಿಯೆಂದು ಗುರುತಿಸಿ ಬರೆದರು. ಆದರೆ ಎಲ್ಲವನ್ನೂ ವಯಸ್ಸಿನ ಮೇಲೆ ಹೊರಿಸಲಾಗದು. ಸರಿಯಾಗಿ ಕೂಡದ ಹಲ್ಲಿನ ಸೆಟ್ಟು, ಬಾಯಿಹುಣ್ಣು, ಮಲಬದ್ಧತೆ, ಥೈರಾಯ್ಡ್ ದೋಷ, ಕ್ಷಯ, ಕ್ಯಾನ್ಸರ್, ಖಿನ್ನತೆ, ಮೆಟ್‌ಫಾರ್ಮಿನ್ ಹಾಗೂ ಡಿಗಾಕ್ಸಿನ್‌ನಂತಹ ಕೆಲವು ಮಾತ್ರೆಗಳು, ಇವೆಲ್ಲವೂ ಹಸಿವನ್ನು ಕಸಿಯಬಲ್ಲವು. ಇವುಗಳಲ್ಲಿ ಹಲವಕ್ಕೆ ಪರಿಹಾರವಿದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಲ್ಲಿ ಕೇಳಬೇಕು.

ಉತ್ತರ ಕರ್ನಾಟಕದ ಹಳ್ಳಿಯ ತಾಯಿಯೊಬ್ಬರು ಪತಿಯು ಲಿಂಗೈಕ್ಯರಾದ ಮೇಲೆ ಮಗನೊಡನೆ ಬೆಂಗಳೂರಿಗೆ ಬಂದರು. ಮಗ, ಸೊಸೆ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಮಧ್ಯಾಹ್ನ ಮುಚ್ಚಿಟ್ಟ ಊಟ ಸಂಜೆಗೂ ಹಾಗೆಯೇ ಇರುತ್ತಿತ್ತು. ಮುಂಗೈಯ ಬಳೆ ಮೊಣಕೈವರೆಗೆ ಜಾರುವುದನ್ನು ಕಂಡ ಸೊಸೆ ಒಂದು ದಿನ, "ಯಾಕ್ರೀ ಅತ್ತಿ, ಊಟ ಯಾಕ ಬ್ಯಾಡಂತೀರಿ?" ಎಂದು ಬಳಿ ಕುಳಿತು ಕೇಳಿದರು. "ಒಬ್ಬಾಕಿನ ಕುಂತು ಏನ್ ಉಣ್ಣೂದವಾ" ಎಂಬ ಉತ್ತರ ಬಂದಿತು. ಐವತ್ತು ವರ್ಷ ಹೊಲದಿಂದ ಬಂದವರಿಗೆಲ್ಲ ಬಡಿಸಿ ಅವರೊಡನೆ ಉಂಡ ಜೀವಕ್ಕೆ ಅನ್ನಕ್ಕಿಂತ ಮೊದಲು ಪಂಕ್ತಿಯೇ ತಪ್ಪಿಹೋಗಿತ್ತು. ರೊಟ್ಟಿಯನ್ನು ಅಗಿಯಲಾಗದ ನೋವನ್ನೂ ಅವರು ಯಾರಲ್ಲಿಯೂ ಹೇಳಿರಲಿಲ್ಲ. ಹಲ್ಲಿನ ವೈದ್ಯರ ಬಳಿ ಹೋದದ್ದು ಒಂದು ಉಪಾಯ. ಮೊಮ್ಮಗ ಶಾಲೆಯಿಂದ ಬಂದೊಡನೆ ಅಜ್ಜಿಯೊಡನೆ ಕುಳಿತು ತಿನ್ನತೊಡಗಿದ್ದು ಇನ್ನೊಂದು. ಎರಡನೆಯದಕ್ಕೆ ಖರ್ಚಿರಲಿಲ್ಲ.

ಊಟ ಕುಗ್ಗಿದರೆ ಮೊದಲು ಕರಗುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಹೌದು. ಅದು ಕರಗಿದಾಗ ಏಳುವ ಬಲ ತಗ್ಗಿ, ಬೀಳುವ ಭಯ ಹೆಚ್ಚುತ್ತದೆ. ಐವತ್ತು ಕಿಲೋ ತೂಕದವರು ಆರರಿಂದ ಹನ್ನೆರಡು ತಿಂಗಳಲ್ಲಿ ಎರಡೂವರೆ ಕಿಲೋ, ಅಂದರೆ ಶೇಕಡಾ 5ರಷ್ಟು, ಬಯಸದೆಯೇ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು 2013ರಲ್ಲಿ ಸಲಹೆ ನೀಡಿದ್ದಾರೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು. ತುಂಬಿದ ತಟ್ಟೆ ಕಂಡರೇ ಸಾಕೆನಿಸುವವರಿಗೆ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಕೊಡುವುದು ಲೇಸು. ಹಾಲಿನಲ್ಲಿ ನೆನೆಸಿದ ರೊಟ್ಟಿ, ತುಪ್ಪ ಬೆರೆಸಿದ ಹೆಸರುಬೇಳೆಯ ಕಿಚಡಿ, ಗಟ್ಟಿ ಮೊಸರು, ನುಣ್ಣಗೆ ಕುಟ್ಟಿದ ಶೇಂಗಾ ಹಿಂಡಿ, ಇವು ಚಿಕ್ಕ ತುತ್ತಿನಲ್ಲಿಯೇ ಬಲ ಕೊಡುವಂಥವು.

ಬಾಳಿನ ಕೊನೆಯ ದಿನಗಳಲ್ಲಿ ದೇಹವು ತಾನೇ ಅನ್ನವನ್ನು ಬಿಡುವ ಕಾಲವೂ ಬರುತ್ತದೆ. ಆಗ ಬಲವಂತದ ತುತ್ತು ಹಿಂಸೆ. ತುಟಿ ನೆನೆಸುವುದು, ಕೈ ಹಿಡಿದು ಕುಳಿತಿರುವುದೇ ಸೇವೆ. ಆದರೆ ಆ ಕಾಲ ಬಂದಿದೆಯೆಂದು ವೈದ್ಯರನ್ನು ಕೇಳದೆ ಮನೆಯವರೇ ತೀರ್ಮಾನಿಸಬಾರದು.

ಮಠದ ಪಂಕ್ತಿಯಲ್ಲಿ ಯಾರೂ ಒಬ್ಬರೇ ಕುಳಿತು ಉಣ್ಣುವುದಿಲ್ಲ. ಅದೇ ಪಂಕ್ತಿ ಮನೆಯಲ್ಲಿಯೂ ನಡೆಯಲಿ. ಇಂದು ರಾತ್ರಿ ಹಿರಿಯರ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆ ಇರಲಿ.