ದೇಹಲೀದೀಪ

ಹೊಸ್ತಿಲ ಮೇಲಿಟ್ಟ ಹಣತೆ ಒಳಮನೆಗೂ ಬೆಳಕು, ಅಂಗಳಕ್ಕೂ ಬೆಳಕು. ಶಾಸ್ತ್ರಜ್ಞರು ಇದನ್ನು ದೇಹಲೀದೀಪನ್ಯಾಯವೆಂದರು. ಲಾರಿಯ ಮುಂಭಾಗದ ದೀಪಕ್ಕೂ ಇದೇ ನ್ಯಾಯ ಸಲ್ಲುವುದು. ಅದು ನಡೆಸುವವನಿಗೆ ದಾರಿ ತೋರಬೇಕು. ಇದಿರು ಬರುವವನಿಗೆ ಲಾರಿಯ ಇರವನ್ನು ತಿಳಿಸಬೇಕು, ಆದರೆ ಅವನ ಕಣ್ಣನ್ನು ಕೆಡಿಸಬಾರದು.

ಕೋಲಾರ ಸೀಮೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಕೋಲಾರದ ಮಾರುಕಟ್ಟೆಯ ಟೊಮೇಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಹೆಂಚು ಎಲ್ಲವೂ ಲಾರಿಯೇರಿ ಊರು ಬಿಡತಕ್ಕವು. ಹಣ್ಣಿಗೆ ಬಿಸಿಲು ಶತ್ರುವಾದುದರಿಂದ ಇರುಳ ಪಯಣವೇ ಲೇಸು. ಮುಳಬಾಗಿಲನ್ನು ಹಾದು ಪೂರ್ವಕ್ಕೆ ಸಾಗುವ 75ನೆಯ ಹೆದ್ದಾರಿಯೇನೋ ವಿಶಾಲವಾದುದು. ಅದನ್ನು ಸೇರುವ ಹಳ್ಳಿಯ ದಾರಿಗಳು ಕಿರಿದು. ಅಲ್ಲಿ ಬೆಳಗಿನ ಜಾವಕ್ಕೇ ಡೈರಿಗೆ ಹಾಲು ಒಯ್ಯುವವನು ಇದಿರಾಗುತ್ತಾನೆ. ಕಣ್ಣು ಕುಕ್ಕಿದ ಒಂದು ಕ್ಷಣದಲ್ಲಿ ಅವನಿಗೆ ರಸ್ತೆಯ ಅಂಚೇ ಕಾಣದೆ ಹೋದೀತು.

ಹಳೆಯ ಲಾರಿಯ ದೀಪ ಮಂಕಾದೊಡನೆ ಒಡೆಯನು ಪ್ರಖರವಾದ ಎಲ್‌ಇಡಿ ಬಲ್ಬನ್ನು ತಂದು ಹಳೆಯ ಗೂಡಿಗೇ ಸಿಕ್ಕಿಸುವುದುಂಟು. ಮಂಕಿಗೆ ಕಾರಣ ಹಳದಿಗಟ್ಟಿದ ಗಾಜೋ, ತುಕ್ಕು ಹಿಡಿದ ತಂತಿಯ ತುದಿಯೋ ಆಗಿರಬಹುದೆಂಬುದನ್ನು ಅವನು ಎಣಿಸುವುದಿಲ್ಲ. ಬಲ್ಬಿನ ಹಿಂದಿರುವ ಕನ್ನಡಿಯ ಬಾಗು ಹ್ಯಾಲೋಜನ್ ಬಲ್ಬಿನ ತಂತುವಿನ ನೆಲೆಯನ್ನು ಲೆಕ್ಕಹಾಕಿ ರಚಿಸಿದುದು. ಎಚ್ 4 ಎಂಬ ಬಲ್ಬಿನಲ್ಲಿ ತಂತುಗಳು ಎರಡು. ಡಿಪ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲುಂಟು. ಅದರ ತಡೆಯಿಂದಲೇ ಬೆಳಕು ಮೇಲಕ್ಕೇಳದೆ ನೆಲಕ್ಕೆ ಬಾಗುವುದು. ಬೆಳಕಿನ ನೆಲೆ ತುಸು ಕದಲಿದರೂ ಕಿರಣಗಳು ಚೆದರಿ ಮೇಲೇರುವುವು.

ಬಲ್ಬು ಸರಿಯಾದುದಾದರೂ ದೀಪದ ದಿಕ್ಕನ್ನು ನೋಡಲೇಬೇಕು. ಟೈರುಗಳಿಗೆ ಗಾಳಿ ತುಂಬಿ, ಸಮನೆಲದಲ್ಲಿ, ಗೋಡೆಗೆ 25 ಅಡಿ ದೂರದಲ್ಲಿ ಲಾರಿಯನ್ನು ನೇರವಾಗಿ ನಿಲ್ಲಿಸುವುದು. ದೀಪದ ನಡುವಿನ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. ಒಂದಕ್ಕೆ ಹಲಗೆಯನ್ನು ಅಡ್ಡ ಹಿಡಿದು, ಇನ್ನೊಂದರ ತಿರುಪನ್ನು ತಿರುಗಿಸುತ್ತ, ಡಿಪ್ ಬೆಳಕಿನ ಮೇಲಂಚು ಗೆರೆಗಿಂತ ಸುಮಾರು 3 ಅಂಗುಲ ಕೆಳಗೆ ಬೀಳುವಂತೆ ಮಾಡುವುದು. ಎಡಗಡೆ ಆ ಅಂಚು ಕೊಂಚ ಮೇಲೇರಿದ್ದರೆ ದೋಷವಲ್ಲ. ರಸ್ತೆಯ ಎಡದಂಚಿನ ಪಾದಚಾರಿಯನ್ನು ಕಾಣಿಸಲೆಂದೇ ಆ ಏರ್ಪಾಡು. ಸರಕು ಹೇರಿದಾಗ ಹಿಂಬದಿ ಕುಗ್ಗಿ ಮೂತಿ ಮೇಲಕ್ಕೆತ್ತುವುದರಿಂದ, ಭರ್ತಿ ಲಾರಿಯಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಮೇಲು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಧರ್ಮವನ್ನು ಅಳತೆಯಿಂದಲೇ ಹೇಳಿವೆ: ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣು ಕೋರೈಸಬಾರದು. ಇದಕ್ಕೆ ಯಂತ್ರವೇಕೆ? ಒಡೆಯನು ತನ್ನ ಪೀಠದಿಂದಿಳಿದು, ಆ ಎಡೆಯಲ್ಲಿ ತಾನೇ ನಿಂತು ದೀಪವನ್ನು ನೋಡಿದರೆ ಸಾಕು.