ಹಾವಿನ ತಲಿ ಮ್ಯಾಲ

ವೇಲ್ಸಿನ ಸ್ವಾನ್‌ಸಿಗೆ ಓದಲು ಬಂದ ಮೊದಲ ವಾರ, ಸಿಂಗಲ್ಟನ್ ಕ್ಯಾಂಪಸ್ಸಿನ ಮುಂದಿನ ರಸ್ತೆ ದಾಟಿ ಕಡಲು ನೋಡಲು ಹೋದರೆ ಕಡಲೇ ಇರಲಿಲ್ಲ! ಕಣ್ಣು ಹಾಯುವಷ್ಟು ದೂರ ಹಸಿ ಉಸುಕು. ಬೇಸಿಗೆಯ ಮಲಪ್ರಭೆ ಹೀಗಾಗುತ್ತಾಳೆ, ಸರಿ. ಸಮುದ್ರಕ್ಕೂ ಬರ ಬೀಳುವುದುಂಟೆ? ಸಂಜೆ ಬಂದು ನೋಡಿದರೆ ಆ ಉಸುಕೆಲ್ಲ ನೀರಿನಡಿ.

ನಮ್ಮೂರು ಸುರೇಬಾನ. ಅಲ್ಲಿಯವರಿಗೆ ಹೊಳೆಯ ನೀರೆಂದರೆ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 2019ರ ಆಗಸ್ಟಿನಲ್ಲಿ ಅದೇ ಹೊಳೆ ರಾಮದುರ್ಗದ ಓಣಿಗಳಿಗೆ ನುಗ್ಗಿತ್ತು. ಇಲ್ಲಿಯ ಕಡಲು ದಿನಕ್ಕೆರಡು ಸಲ ಏರಿ ಇಳಿಯುವ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಮೊದಲೇ ಅಚ್ಚು ಹಾಕಿ ಮಾರುತ್ತಾರೆ, ಪಂಚಾಂಗದ ಹಾಗೆ. ಬ್ರಿಸ್ಟಲ್ ಚಾನೆಲ್ಲು ಲಾಳಿಕೆಯಂತೆ ಕಿರಿದಾಗುತ್ತ ಹೋಗುವುದರಿಂದ ಒಳನುಗ್ಗಿದ ಅಟ್ಲಾಂಟಿಕ್ ನೀರಿಗೆ ಮೇಲೇರದೆ ಗತಿಯಿಲ್ಲ. ಸೆವರ್ನ್ ಅಳಿವೆಯಲ್ಲಿ ಈ ಏರಿಳಿತ 14 ಮೀಟರಿನವರೆಗೂ ಹೋಗುತ್ತದೆ.

ವೆಲ್ಷ್ ಭಾಷೆಯಲ್ಲಿ ಊರಿನ ಹೆಸರು ಅಬರ್‌ತಾವೆ. ತಾವೆ ಇಲ್ಲಿಯ ಹೊಳೆ, ಅಬರ್ ಅದು ಹೋಗಿ ಸೇರುವ ಜಾಗ. ನಮ್ಮ ಮಲಪ್ರಭೆಗೆ ಕೂಡಲ ಇದ್ದ ಹಾಗೆ. ಭಾನುವಾರಗಳಲ್ಲಿ ಮಂಬಲ್ಸ್‌ಗೆ ನಡೆದು ಹೋಗುತ್ತಿದ್ದೆ. 1807ರಲ್ಲೇ ಕುದುರೆ ಎಳೆಯುವ ರೈಲಿನಲ್ಲಿ ಕಾಸು ಕೊಟ್ಟು ಜನ ಓಡಾಡಿದ ದಾರಿ ಅದು. ಹಳಿ ಈಗಿಲ್ಲ.

ಆದರೆ ನೋಡಬೇಕಾದದ್ದು ರೊಸಿಲಿ. ಬಸ್ಸು ಗವರ್ ಪರ್ಯಾಯದ್ವೀಪದ ತುದಿಗೆ ಇಳಿಸುತ್ತದೆ. ಕೆಳಗೆ ಐದು ಕಿಲೋಮೀಟರ್ ಉದ್ದದ ಮರಳು. 1887ರಲ್ಲಿ ದಡಕ್ಕೆ ಬಡಿದ ಹೆಲ್ವೇಷಿಯಾ ಹಡಗಿನ ಮರದ ಪಕ್ಕೆಲುಬುಗಳು ಇಳಿತದಲ್ಲಿ ಇನ್ನೂ ತಲೆ ಎತ್ತುತ್ತವೆ. ಎದುರಿಗೆ ವರ್ಮ್ಸ್ ಹೆಡ್, ಎಂದರೆ ಹಾವಿನ ತಲೆ. ಈಜುತ್ತಿರುವ ಸರ್ಪದಂತೆ ಉದ್ದಕ್ಕೆ ಚಾಚಿದ ಗುಡ್ಡ. ಇಳಿತದ ಆಚೀಚೆ ಎರಡೂವರೆ ತಾಸು ಮಾತ್ರ ದಾರಿ ತೆರೆಯುತ್ತದೆ. ದಾರಿ ಎಂದೆನೆ? ಓರೆಯಾಗಿ ನಿಂತ ಬಂಡೆಗಳು, ಮೇಲೆಲ್ಲ ಕಪ್ಪು ಚಿಪ್ಪು, ನಡುವೆ ಗುಂಡಿಗಳಲ್ಲಿ ಉಳಿದ ಕಡಲು. ಒಂದರಲ್ಲಿ ಹೆಬ್ಬೆಟ್ಟಿನಷ್ಟು ಏಡಿ ನನ್ನ ನೆರಳು ಬಿದ್ದದ್ದೇ ಕೊಂಡಿ ಎತ್ತಿ ಜಗಳಕ್ಕೆ ನಿಂತಿತು. ಕೈಕಾಲು ನಾಲ್ಕೂ ಊರಿ ದಾಟಿದೆ. ಕವಿ ಡಿಲನ್ ಥಾಮಸ್ ಹುಡುಗನಿದ್ದಾಗ ಇಲ್ಲಿ ನಿದ್ದೆ ಹೋಗಿ, ನೀರೇರಿ, ರಾತ್ರಿಯವರೆಗೆ ಸಿಕ್ಕಿಬಿದ್ದಿದ್ದನಂತೆ.

ತುದಿಯ ಕೆಳಗೆ ಸೀಲ್‌ಗಳು ಕಣದಲ್ಲಿ ಒಗೆದ ಜೋಳದ ಚೀಲಗಳಂತೆ ಬಿದ್ದುಕೊಂಡಿದ್ದವು. ಅಷ್ಟರಲ್ಲಿ ಫೋನು. ಹಿಂದೆ ಮಗ್ಗದ ಸದ್ದು.

“ಎಲ್ಲಿ ಅದೀಯೋ?”

“ಹಾವಿನ ತಲಿ ಮ್ಯಾಲ, ಯವ್ವಾ.”

ಮಗ್ಗ ನಿಂತಿತು. “ಕುಡದೀ ಏನ?”

ದಾರಿ ಮುಳುಗಲು ಮುಕ್ಕಾಲು ತಾಸು ಉಳಿದಿತ್ತು. ಅದನ್ನು ಹೇಳಲಿಲ್ಲ.