ನಕ್ಷೆಯ ಮೇಲಿನ ಕೆಂಪು ಗುರುತು

ಜನವರಿಯಲ್ಲಿ ಆಫೀಸಿನಲ್ಲಿ ನನಗೊಂದು ಸಣ್ಣ ಕೆಲಸ ಬಂತು. ಸೌರ ವಿದ್ಯುತ್ ಕಂಪನಿಗಳು ಎಲ್ಲಿ ತಂತಿ ಎಳೆಯಬಹುದು, ಎಲ್ಲಿ ಎಳೆಯಬಾರದು ಎಂದು ತೋರಿಸುವ ಸಾಫ್ಟ್‌ವೇರ್ ನಮ್ಮದು. ನಕ್ಷೆಯಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಮೇಲಿದ್ದ ದೊಡ್ಡ ಕೆಂಪು ಗುರುತನ್ನು ಅಳಿಸಿ ಚಿಕ್ಕದನ್ನು ಹಾಕಬೇಕಿತ್ತು. ಹತ್ತು ನಿಮಿಷದಲ್ಲಿ ಮುಗಿಯಿತು.

ಆ ಕೆಂಪು ಜಾಗ ಎರೆಭೂತ ಹಕ್ಕಿಯದು. ದೇಶದಲ್ಲಿ ಈಗ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಮೈ ಭಾರ, ಎದುರಿನದು ಸರಿಯಾಗಿ ಕಾಣದು. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹಾಗಾಗಿ 2021ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 99,000 ಚದರ ಕಿ.ಮೀ. ಪ್ರದೇಶದಲ್ಲಿ ಮೇಲೆ ತಂತಿ ಎಳೆಯುವುದಕ್ಕೆ ನಿರ್ಬಂಧ ಹಾಕಿತು. 2024ರಲ್ಲಿ ಅದನ್ನು ಸಡಿಲಿಸಿ ಸಮಿತಿ ರಚಿಸಿತು. 2025ರ ಡಿಸೆಂಬರಿನಲ್ಲಿ ಸಮಿತಿಯ ಶಿಫಾರಸು ಒಪ್ಪಿತು: ಆದ್ಯತೆಯ ಪ್ರದೇಶ ರಾಜಸ್ಥಾನದಲ್ಲಿ 14,013, ಗುಜರಾತಿನಲ್ಲಿ 740 ಚದರ ಕಿ.ಮೀ. ಅಲ್ಲಿಯವರೆಗೆ ನಮ್ಮ ನಕ್ಷೆಯಲ್ಲಿ ಹಳೆಯ ಗುರುತೇ ಇತ್ತು.

ಕೋರ್ಟಿನ ಕಷ್ಟ ನನಗೆ ಅರ್ಥವಾಗುತ್ತದೆ. ಕಲ್ಲಿದ್ದಲು ಬಿಡಬೇಕೆಂದರೆ ಬಿಸಿಲಿನ ವಿದ್ಯುತ್ ಬೇಕು. ನನ್ನ ಸಂಬಳವೂ ಅದರಿಂದಲೇ ಬರುತ್ತದೆ.

ಆದರೂ ಆ ರಾತ್ರಿ ನಾನ್ನಜ್ ನೆನಪಾಯಿತು. ಪುಣೆಯಿಂದ ವಿಜಯಪುರಕ್ಕೆ ಹೋಗುವವರಿಗೆ ಸೋಲಾಪುರ ಗೊತ್ತು. ಅಲ್ಲಿಂದ ಇಪ್ಪತ್ತು ಕಿ.ಮೀ. ಆಚೆ ನಾನ್ನಜ್. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಘೋಷಿಸಿದ ಎರೆಭೂತ ಅಭಯಾರಣ್ಯದ ವಿಸ್ತೀರ್ಣ 8,496 ಚದರ ಕಿ.ಮೀ. ಅದರೊಳಗೆ ಊರು, ಪೇಟೆ, ರೈತರ ಹೊಲ ಎಲ್ಲವೂ ಸೇರಿದ್ದವು. ಜಮೀನು ಮಾರಲು, ಮನೆ ಕಟ್ಟಲು ತೊಡಕಾಗಿ ಜನರಿಗೆ ಹಕ್ಕಿಯ ಮೇಲೇ ಸಿಟ್ಟು ಬಂತು. ಆಮೇಲೆ ಅದನ್ನು ಸುಮಾರು 1,222ಕ್ಕೆ ಇಳಿಸಿದರು. ಕಳೆದ ದೀಪಾವಳಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಚಿಗರಿಗಳು ಕಂಡವು, ಎರೆಭೂತ ಕಾಣಲಿಲ್ಲ.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. "ನಾವು ಸಣ್ಣವರಿದ್ದಾಗ ನಮ್ಮ ಎರಿ ಹೊಲದಾಗ ಮಂದಿ ಹಂಗ ನಡಕೋತ ಹೋಗ್ತಿತ್ತು" ಎಂದರು. "ಅದನ್ನ ಹೊಡದ್ರ ಈಗ ಜೈಲು, ಅಪ್ಪಾ" ಎಂದೆ. "ಹೊಡಿಯಾಕ ಅದು ಎಲ್ಲೈತೋ?" ಎಂದು ನಕ್ಕರು.

ಅಪ್ಪ ತಮಾಷೆಗೆ ಅಂದದ್ದೇ ವಿಷಯ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಎರೆಭೂತದ ಹೆಸರು ಇವತ್ತಿಗೂ ಇದೆ. ಹಕ್ಕಿಯ ರಕ್ಷಣೆಯನ್ನು ಯಾರೂ ತೆಗೆದಿಲ್ಲ. ಅದರ ಕಾಲ ಕೆಳಗಿನ ನೆಲ ಮಾತ್ರ ಒಂದೊಂದು ಸಲವೂ ಒಂದೊಂದು ಸರಿಯಾದ ಕಾರಣಕ್ಕೆ ಕಡಿಮೆಯಾಗುತ್ತಿದೆ.

ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಕೊಡುತ್ತಾರೆ. ಇಷ್ಟು ವರ್ಷ ನಕ್ಷೆಗಳ ಜೊತೆಗೇ ಬದುಕಿದ್ದರೂ ನಾನು ಒಂದು ಆಕ್ಷೇಪಣೆಯನ್ನೂ ಬರೆದಿರಲಿಲ್ಲ. ಇನ್ನು ಮೇಲೆ ಕರಡುಗಳನ್ನು ಓದುತ್ತೇನೆ, ಬರೆಯುತ್ತೇನೆ. ನಕ್ಷೆ ಓದಲು ಬರುವವರು ನಮ್ಮಲ್ಲಿ ಬಹಳ ಜನರಿದ್ದೀರಿ. ನೀವೂ ಬನ್ನಿ.